ಸಾವಿನ ಮನೆಯ ಇಸಿಂಗಜ್ಜಿ
ನಮ್ಮ ಬಂಟಾಯನ್ ದ್ವೀಪದಲ್ಲಿ ಯಾರು ತೀರಿಕೊಂಡರೂ ಪಾದ್ರಿಗಳಿಗಿಂತ ಮೊದಲು ಬರುವವಳು ಇಸಿಂಗಜ್ಜಿ. ಜಪಮಾಲೆ ಹಿಡಿಯುವ ಮುಂಚೆ ಒಲೆ ನೋಡುತ್ತಾಳೆ. ಅನ್ನ ಆಗಿಲ್ಲದಿದ್ದರೆ ಬೈಯುತ್ತಾಳೆ. ಅಳು ನುಂಗಿಕೊಂಡವರನ್ನಂತೂ ಬಿಡುವುದೇ ಇಲ್ಲ: “ಗೆಳೆಯ ಸತ್ತಾಗ ಯೇಸುವೇ ಅತ್ತ. ನೀನೇನು ಅವನಿಗಿಂತ ದೊಡ್ಡ ಮನುಷ್ಯನೋ?” ಸತ್ತವರಿಗಾಗಿ ಒಂಬತ್ತು ದಿನವೂ ಪ್ರಾರ್ಥನೆ ಹೇಳಿಸುವವಳು ಅವಳೇ; ಅವಳ ದೊಡ್ಡ ದನಿಗೆ ಹೆದರಿ ತೆಂಗಿನಕಾಯಿಗಳು ಉದುರುತ್ತವೆ ಎಂದು ನಾವು ನಗುತ್ತಿದ್ದೆವು. ಹೋದ ವರ್ಷ ಮೀನಿಗೆ ಹೋದ ಅವಳ ಮಗ ತೆರೋಯ್ ಬಿರುಗಾಳಿಗೆ ಸಿಕ್ಕಿ ಸತ್ತ. ಅಂದು ತನ್ನ ಮನೆಯಲ್ಲೇ ಪ್ರಾರ್ಥನೆ ಶುರುಮಾಡಿದ ಅಜ್ಜಿಯ ದನಿ ನಡುವೆಯೇ ಕಟ್ಟಿತು. ಅವಳು ಸಂತೈಸಿದ್ದ ಹೆಂಗಸರೆಲ್ಲ ಒಂದಾಗಿ ಉಳಿದದ್ದನ್ನು ಹೇಳಿ ಮುಗಿಸಿದರು. ಅಜ್ಜಿ ಕಣ್ಣೊರೆಸಿಕೊಂಡಳು: “ಮೂವತ್ತು ವರ್ಷ ನಾನೇ ಹೇಳ್ತಿದ್ದೆ ಕಣ್ರೇ. ಸುಮ್ಮನೆ ಕೂತು ಕೇಳಿದ್ದು ಇವತ್ತೇ. ಎಷ್ಟು ಸಮಾಧಾನ ಇದೆ ಇದರಲ್ಲಿ!”