ಹದಿನೇಳನೆಯ ಸೊನ್ನೆ

ಗೋಡೆಯಾಗಲಿ, ಹಲಗೆಯಾಗಲಿ, ಒಂದು ಕಡೆ ಬೋಳಾಗಿ ಕಂಡರೆ ನಮ್ಮ ಯಜಮಾನರಿಗೆ ಸಹಿಸಲು ಆಗುತ್ತಿರಲಿಲ್ಲ. ಮೂವತ್ತು ವರ್ಷ ಬೋರ್ಡು ಬರೆದ ಕೈ ಅದು. ಸೀಮೆಸುಣ್ಣ ಸವರಿದ ದಾರವನ್ನು ಎಳೆದು ಗೆರೆ ಹಾಕಿ, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಒಂದು ಕಣ್ಣು ಮುಚ್ಚಿಕೊಂಡು ನೋಡುವರು. ಚೆಂದ ಕಂಡರೆ ಮುಗಿಯಿತು. ಬರೆದದ್ದು ಏನು ಎನ್ನುವುದು ಅವರಿಗೆ ಆಮೇಲಿನ ಮಾತು.

ಈ ಚೆಂದದ ಹುಚ್ಚಿನಲ್ಲೇ ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಜಾಗ ಸಾಲದೆ ಫೋನ್ ನಂಬರಿನ ಕೊನೆಯ ಅಂಕಿಯನ್ನೇ ಬಿಟ್ಟುಬಿಟ್ಟರು. ಡಾಕ್ಟರು ಬೀದಿಗೆಲ್ಲ ಸಾರಿದರು. 'ನಂಬರ್ ನುಂಗೋ ಪೇಂಟರ್' ಎಂದು ಅಡ್ಡಹೆಸರು ಬಿತ್ತು. ಐದು ತಿಂಗಳು ಒಬ್ಬರೂ ಕರೆಯಲಿಲ್ಲ. ಬಳಸದ ಬ್ರಷ್ಷುಗಳನ್ನೇ ಇವರು ದಿನವೂ ತೊಳೆದು, ಒಣಗಿಸಿ, ಮತ್ತೆ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದರು. ನಾನು ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಅದನ್ನೇ ನೋಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಕಾಲೇಜಿನ ವಿಜ್ಞಾನದ ಮೇಷ್ಟ್ರು ಮನೆಗೇ ಬಂದರು.

"ಪ್ರಯೋಗಶಾಲೆ ಗೋಡೆಗೆ ಒಂದು ಬೋರ್ಡು ಬೇಕು. ಸರಿಯಾಗಿ ಬಂದ್ರೆ ಉಳಿದ ಹನ್ನೊಂದು ಕೋಣೆ ಕೆಲಸಾನೂ ನಿಮ್ದೇ. ಒಂದು ಅಂಕಿ ತಪ್ಪಿದ್ರೂ ಏಣಿ ಹೊತ್ಕೊಂಡು ಹೊರಡ್ತಾ ಇರಬೇಕು. ನಿಮ್ಮ ಹಲ್ಲಿನ ಕಥೆ ನಂಗೂ ಗೊತ್ತು."

ಅವರು ಕೊಟ್ಟ ಚೀಟಿಯಲ್ಲಿ ಅಕ್ಷರಕ್ಕಿಂತ ಸೊನ್ನೆಯೇ ಜಾಸ್ತಿ. ಮೂರನೆಯ ಕ್ಲಾಸು ಓದಿದವಳು ನಾನು, ಬಾಯಿ ತಡೆಯಲಿಲ್ಲ. "ಇಷ್ಟೊಂದು ಸೊನ್ನೆ ಯಾಕೆ ಸಾರ್?" ಎಂದೆ.

"ಒಂದು ಈರುಳ್ಳೀನ ನೆಲದಿಂದ ಸೊಂಟದವರೆಗೆ ಎತ್ತಮ್ಮ. ಅದಕ್ಕೆ ಬೇಕಾಗೋ ಶಕ್ತಿ ಹೆಚ್ಚುಕಡಿಮೆ ಒಂದು ಜೌಲ್. ಅದನ್ನೇ ಎಲೆಕ್ಟ್ರಾನ್‌ವೋಲ್ಟ್ ಅನ್ನೋ ಅಳತೇಲಿ ಹೇಳಿದ್ರೆ ಆರುನೂರ ಇಪ್ಪತ್ನಾಲ್ಕು, ಅದರ ಮುಂದೆ ಹದಿನಾರು ಸೊನ್ನೆ. ಅಷ್ಟು ಚಿಕ್ಕ ಅಳತೆ ಅದು. ಇನ್ನು ನಿಮ್ಮನೆ ಮೀಟರಿನ ಒಂದು ಯೂನಿಟ್ ಕರೆಂಟು ಅಂದ್ರೆ, ಅಂಥ ಮೂವತ್ತಾರು ಲಕ್ಷ ಈರುಳ್ಳಿ ಎತ್ತಿದ ಹಾಗೆ."

"ಅಯ್ಯೋ, ಸೊಂಟ ಉಳಿಯುತ್ತಾ!"

ಮೇಷ್ಟ್ರು ನಗಲಿಲ್ಲ. "ಮಕ್ಕಳು ಸೊನ್ನೆಗಳನ್ನ ಕಣ್ಣಾರೆ ನೋಡಬೇಕು. ಅದಕ್ಕೇ ಆ ಹದಿನಾರನ್ನೂ ಬಿಡಿಸಿ ಬರೆಸ್ತಿರೋದು" ಎಂದರು.

ಇವರು ಒಂದು ಮಧ್ಯಾಹ್ನವೆಲ್ಲ ಕೂತು ಬರೆದು ಬಂದರು. ಮರುದಿನ ಹತ್ತು ಗಂಟೆಗೆ ಮೇಷ್ಟ್ರು ನೋಡುವುದೆಂದು ಗೊತ್ತಾಗಿತ್ತು. ಏಣಿ ಹಿಡಿಯಲು ನಾನೂ ಜೊತೆಗೆ ಹೋದೆ. ಬಿಳಿ ಹಲಗೆ, ಕಪ್ಪು ಎನಾಮೆಲ್, ಸೊನ್ನೆಗಳು ಅಚ್ಚಿನಲ್ಲಿ ಒತ್ತಿದ ಹಾಗೆ ಸಾಲಾಗಿ ನಿಂತಿದ್ದವು. ಇವರು ಮೇಲೆ ನಿಂತು ನೀಲಿ ಸೀಮೆಸುಣ್ಣದ ಗೆರೆ ಒರೆಸುತ್ತಿದ್ದರು. ನಾನು ಸುಮ್ಮನಿರಲಾರದೆ ಚೀಲದಿಂದ ಗುಂಡಿಗಳನ್ನು ತೆಗೆದು, ಸೊನ್ನೆಗೊಂದರಂತೆ ಮೇಜಿನ ಮೇಲೆ ಇಡುತ್ತ ಹೋದೆ. ಹದಿನಾರಾದ ಮೇಲೂ ಗೋಡೆಯ ಮೇಲೆ ಒಂದು ಉಳಿಯಿತು.

"ರೀ, ಹದಿನೇಳಿದೆ."

"ನಿನ್ನ ತಲೆ. ಸರಿಯಾಗಿ ಎಣಿಸು."

ಗುಂಡಿಗಳನ್ನು ಬಾಚಿಕೊಂಡು ಮತ್ತೆ ಇಟ್ಟೆ. ಹದಿನೇಳೇ. ಮೇಲೆ ಒರೆಸುತ್ತಿದ್ದ ಕೈ ನಿಂತಿತು.

"ಅದು... ಬಲಗಡೆ ಬೋಳಾಗಿ ಕಾಣ್ತಿತ್ತು ಕಣೇ. ಒಂದು ಸೇರಿಸ್ದೆ. ಸೊನ್ನೆ ತಾನೇ? ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ?"

"ಏನೂ ಇಲ್ದಿದ್ರೆ ಮೇಷ್ಟ್ರು ಹದಿನಾರು ಅಂತ ಯಾಕೆ ಎಣಿಸಿ ಹೇಳ್ತಿದ್ರು? ಒಂದು ಈರುಳ್ಳೀನ ಹತ್ತು ಮಾಡಿ ಕೂರಿಸಿದ್ದೀರಲ್ಲ!"

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ. ಇವರು ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡರು. ಸುರಿದವರು ಹಾಗೇ ಬೋರ್ಡು ನೋಡುತ್ತ ನಿಂತರು. ಹಣೆಯ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು.

"ಯಾವುದನ್ನ ಅಳಿಸ್ಲೇ? ಎಲ್ಲಾ ಒಂದೇ ಥರ ಇವೆಯಲ್ಲೇ!"

"ಕೊನೇದು ರೀ, ಕೊನೇದು! ಯಾವುದಾದ್ರೇನು!"

ಉಜ್ಜಿದರು. ರಾತ್ರಿಯೆಲ್ಲ ಒಣಗಿದ ಬಣ್ಣ ಪೂರ್ತಿ ಬಿಡಲಿಲ್ಲ, ಬೂದಿ ಮೆತ್ತಿದ ಹಾಗೆ ಹರಡಿಕೊಂಡಿತು. ನಾನು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಹೋದರೆ ಅದು ಕಚ್ಚಿಕೊಂಡು ಕೂತಿತ್ತು. ಕತ್ತರಿಯ ತುದಿಯಿಂದ ಮೀಟಿ ತೆಗೆದುಕೊಟ್ಟೆ. ಮೆಟ್ಟಿಲ ಮೇಲೆ ಮೇಷ್ಟ್ರ ಬೂಟಿನ ಸದ್ದು. ಇವರು ಬಳಿದರು. ಸದ್ದು ಹತ್ತಿರ ಬಂತು. ಇನ್ನೊಮ್ಮೆ ಬಳಿದರು. ಏಣಿ ಇಳಿದು ಬ್ರಷ್ಷನ್ನು ಬೆನ್ನ ಹಿಂದೆ ಹಿಡಿಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಮೇಷ್ಟ್ರು ನೇರ ಬೋರ್ಡಿನ ಮುಂದೆ ಬಂದು ನಿಂತರು. ಕೈಯಲ್ಲಿದ್ದ ಉದ್ದನೆಯ ಕೋಲಿನಿಂದ ಒಂದೊಂದೇ ಸೊನ್ನೆಯನ್ನು ಮುಟ್ಟುತ್ತ ಎಣಿಸಿದರು. "ಹದಿನಾಲ್ಕು. ಹದಿನೈದು. ಹದಿನಾರು."

ನಾನು ಉಸಿರು ಬಿಟ್ಟೆ. ಕೋಲು ನಿಲ್ಲಲಿಲ್ಲ. ಮುಂದಿನ ಹಸಿ ಜಾಗವನ್ನು ಮುಟ್ಟಿ ಹಿಂದೆ ಬಂತು. ತುದಿಯಲ್ಲಿ ಬಿಳಿ ಬಣ್ಣ.

"ಇದೇನು?"

ಹಲ್ಲಿ ಓಡಾಡಿ ಕೊಳೆಯಾಗಿತ್ತು ಎಂದು ಸುಳ್ಳೊಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರೇ ಬಾಯಿ ಬಿಟ್ಟರು.

"ಒಂದು ಹೆಚ್ಚಾಗಿತ್ತು ಸಾರ್. ಬೋಳು ಕಾಣುತ್ತೆ ಅಂತ ನಾನೇ ಸೇರಿಸಿದ್ದೆ. ಇವಳು ಗುಂಡಿ ಇಟ್ಟು ಎಣಿಸಿದ್ಲು. ಈಗ ಅಳಿಸ್ದೆ."

ಹೇಳಿದವರು ತಿರುಗಿ ಏಣಿ ಮಡಚತೊಡಗಿದರು. ಹನ್ನೊಂದು ಕೋಣೆಗಳೂ ಆ ಏಣಿಯ ಜೊತೆಗೇ ಮಡಚಿಕೊಳ್ಳುತ್ತಿವೆ ಎಂದು ನನಗೆ ಕಂಡಿತು. ಮೇಷ್ಟ್ರು ಮೇಜಿನ ಹತ್ತಿರ ಬಂದು ನನ್ನ ಗುಂಡಿಗಳ ಮೇಲೆ ಬಗ್ಗಿದರು. ಸಾಲಾಗಿ ಹದಿನಾರು, ಪಕ್ಕಕ್ಕೆ ತಳ್ಳಿದ್ದು ಒಂದು. ಅದನ್ನೂ ಬೆರಳಿಟ್ಟು ಎಣಿಸಿದರು. ಎಷ್ಟು ಹೊತ್ತು ಎಣಿಸಿದರೋ!

"ನಾನು ಬಂದು ನೋಡಿದಾಗ ಬೋರ್ಡಿನ ಮೇಲೆ ಇದ್ದದ್ದು ಹದಿನಾರು" ಎಂದರು ಕೊನೆಗೆ. "ಏಣಿ ಪಕ್ಕದ ಕೋಣೆಗೆ ಹೋಗ್ಲಿ. ಆದ್ರೆ ಒಂದು ಮಾತು. ಈಯಮ್ಮ ಗುಂಡಿ ಇಟ್ಟು ಎಣಿಸೋವರೆಗೂ ನನ್ನನ್ನ ಕರೀಬೇಡಿ."

ಆಮೇಲೆ ನಮ್ಮ ಯಜಮಾನರು ಬದುಕಿದ್ದ ಹದಿನಾಲ್ಕು ವರ್ಷವೂ, ಅಂಕಿ ಇರುವ ಬೋರ್ಡೆಂದರೆ ನನ್ನನ್ನು ಕರೆಯದೆ ಏಣಿ ಹತ್ತಲಿಲ್ಲ. ಆದರೆ ಆ ದಿನ ಪ್ರಯೋಗಶಾಲೆಯ ಬಾಗಿಲು ದಾಟುವಾಗ ಮಾತ್ರ ನಿಂತು, ಒಂದು ಕಣ್ಣು ಮುಚ್ಚಿಕೊಂಡು ತಿರುಗಿ ನೋಡಿದರು.

"ಬಲಗಡೆ ಬೋಳೇ ಕಾಣ್ತಿದೆ ಕಣೇ."

"ಕಾಣ್ಲಿ ಬಿಡಿ" ಎಂದು ಏಣಿಯ ಇನ್ನೊಂದು ತುದಿ ಹಿಡಿದುಕೊಂಡೆ.