ನಕಾಶೆಯಲ್ಲಿದ್ದ ದಾರಿ

ಜೀಪನ್ನು ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವುದು ನನ್ನ ಹವ್ಯಾಸ. ಕೇಳದೆ ಇನ್ನೊಬ್ಬರ ಹೊಲಕ್ಕೆ ಚಕ್ರ ಇಳಿಸುವುದಿಲ್ಲ ಎಂಬುದು ನನ್ನ ನಿಯಮ. ಸಂಡೂರಿನ ಸುತ್ತ ಹೊಲ ಬಿಟ್ಟರೆ ಗಣಿ, ಗಣಿ ಬಿಟ್ಟರೆ ಅರಣ್ಯದ ಬೇಲಿ. ಕೊನೆಗೆ ಹಳೆಯ ಗ್ರಾಮ ನಕಾಶೆ ನೋಡಿ ಬಂಡ್ರಿಯ ಹತ್ತಿರ ಒಂದು ಸರ್ಕಾರಿ ಬಂಡಿದಾರಿ ಪತ್ತೆ ಮಾಡಿದೆ. ಭಾನುವಾರ ಗೆಳೆಯರ ಜೀಪುಗಳನ್ನೂ ಅಲ್ಲಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟು, ಮೊದಲು ಒಬ್ಬನೇ ನೋಡಲು ಹೋದೆ.

ದಾರಿ ನಿಜವಾಗಿಯೂ ಇತ್ತು. ಆದರೆ ನಟ್ಟನಡುವೆ ಕಲ್ಲಿನ ಗುಡ್ಡೆ, ಅದರ ಮೇಲೆ ಜಾಲಿಮುಳ್ಳು. ಪಕ್ಕದಲ್ಲಿ ನಡುವಯಸ್ಸಿನವನೊಬ್ಬ ಕುಳಿತಿದ್ದ.

"ಇದು ಸರ್ಕಾರಿ ದಾರಿ. ಕಲ್ಲು ತೆಗೆಯಿರಿ," ಎಂದೆ.

"ಗೊತ್ತೈತ್ರಿ ಸಾಹೇಬ್ರ. ಅದಕ್ಕ ನಮ್ಮವ್ವನ್ನ ಇಲ್ಲಿ ಮಣ್ಣು ಮಾಡೀವಿ."

ನಾನು ಎಂಜಿನ್ ಆರಿಸಿದೆ. "ಊರಿಗೆ ಸ್ಮಶಾನ ಇಲ್ಲವೇ?"

"ಹಳ್ಳದ ಆಚಿಗೈತ್ರಿ. ಅವತ್ತು ಹಳ್ಳ ತುಂಬಿತ್ತು. ನಮಗ ಹೊಲ ಇಲ್ಲ, ಸುತ್ತ ಎಲ್ಲಾ ಮಂದಿ ಹೊಲ. ನೀವು ಬಾಜುಕ ಇಳಿಸ್ಕೊಂಡು ಹೋಗ್ರಿ. ಬೆಳಿ ಕೊಯ್ದಾರ, ಯಾರೂ ಏನೂ ಅನ್ನಂಗಿಲ್ಲ."

"ಕೇಳದೆ ಇನ್ನೊಬ್ಬರ ಹೊಲಕ್ಕೆ ನಾನು ಇಳಿಯುವುದಿಲ್ಲ."

ಅವನು ಸರಿದಿದ್ದ ಮುಳ್ಳನ್ನು ಮತ್ತೆ ಕಲ್ಲಿನ ಮೇಲೆಳೆದ. "ಅವ್ವನೂ ಹಂಗ ಇದ್ಲ್ರಿ. ಮಂದಿ ಹೊಲದಾಗ ಒಂದು ಕಡ್ಲಿಗಿಡ ಸೈತ ಕಿತ್ತಾಕಿ ಅಲ್ಲ."

ತಿರುಗಿಸಲು ಜಾಗವಿರಲಿಲ್ಲ. ಡಾಂಬರು ರಸ್ತೆಯವರೆಗೂ ರಿವರ್ಸ್‌ನಲ್ಲೇ ಬಂದೆ.

ಬಂಡ್ರಿ ಕಡೆಯ ದಾರಿ ಏನಾಯಿತೆಂದು ಗೆಳೆಯರು ಈಗಲೂ ಕೇಳುತ್ತಾರೆ. ಅದು ಖಾಸಗಿ ಜಾಗ ಎನ್ನುತ್ತೇನೆ. ನಕಾಶೆಯ ಪ್ರಕಾರ ಶುದ್ಧ ಸುಳ್ಳು.