ಯಂಕಂಚಿಯಿಂದ ಹೊರಟ ಅರ್ಧ ಪದ

ಸಿಂದಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗುಲನಾಜ, ಊರೂರುಗಳಲ್ಲಿ ಹರಡಿದ್ದ, ಬೀಸುಕಲ್ಲಿನ ಪದ ಹಾಡುವ ಹೆಂಗಸರ ಗುಂಪಿಗಾಗಿ ಮೂರು ವರ್ಷ ಕೂತು ಒಂದು ಆ್ಯಪ್ ಬರೆದಿದ್ದಳು. ಅದಕ್ಕೆ ಇಂಟರ್‌ನೆಟ್ ಬೇಡ. ಗುಂಪಿನವರ ಫೋನುಗಳು ಹತ್ತಿರ ಬಂದಾಗ ಸಂದೇಶ ತಾನೇ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಮನೆಯೊಳಗೆ ದಾಟುತ್ತಿತ್ತು, ಊರಿಂದ ಊರಿಗೆ ದಾಟೀತೇ ಎಂಬುದೇ ಅವಳ ಚಿಂತೆ.

ಯಂಕಂಚಿಯ ಮುದುಕಿ ಕಸ್ತೂರೆವ್ವ ಫೋನಿನೆದುರು ಹಾಡುತ್ತ ನುಡಿಯ ಅರ್ಧಕ್ಕೇ ನಿಲ್ಲಿಸಿದಳು.

“ಪೂರಾ ಹಾಡ್ರಿ ಆಯಿ,” ಎಂದಳು ಗುಲನಾಜ.

“ಉಳಿದಿದ್ದು ಜೈತುನಬಿದು. ಒಂದ ಕಲ್ಲಿಗೆ ಎದುರುಬದರು ಕುಂತು ಬೀಸಿದೋರು ನಾವು. ಅಕಿ ಪಾಲು ನಾ ಹೆಂಗ ಹಾಡ್ಲಿ? ನಿನ್ನ ಡಬ್ಬಿ ಅಷ್ಟು ಶಾಣ್ಯಾ ಇದ್ರ ಅಕಿನ್ನ ಕೇಳ್ಲಿ.”

ಜೈತುನಬಿ ಈಗ ಇಂಗಳೇಶ್ವರದಲ್ಲಿ, ಮಗಳ ಮನೆಯಲ್ಲಿದ್ದಳು, ಮಗಳೂ ಗುಂಪಿನವಳು. ಗುಲನಾಜ ಅರ್ಧ ಪದವನ್ನೇ ಕಳಿಸಿದಳು. ಕಸ್ತೂರೆವ್ವನ ನೆರೆಮನೆಯ ಸುವರ್ಣಾಳ ಫೋನಿನಲ್ಲಿ ಅದು ದೇವರ ಹಿಪ್ಪರಗಿ ಸಂತೆಗೆ ಹೋಯಿತು. ಅಲ್ಲಿಂದಾಚೆ ಏನಾಯಿತೋ ತಿಳಿಯಲಿಲ್ಲ.

ಹತ್ತನೇ ದಿನ ಗುಲನಾಜ ಮತ್ತೆ ಯಂಕಂಚಿಗೆ ಬಂದಿದ್ದಾಗ ಕಸ್ತೂರೆವ್ವನ ಫೋನು ಸದ್ದು ಮಾಡಿತು. ಕಲ್ಲಿನ ಗರಗರದ ನಡುವೆ ಮುದಿ ದನಿಯೊಂದು ಪದವನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಿತ್ತು. ಹೋಗಿ ಬರುವಾಗ ಅದು ದಾಟಿದ ಹದಿನಾಲ್ಕು ಫೋನುಗಳ ಪಟ್ಟಿಯನ್ನು ಆ್ಯಪ್ ತೋರಿಸಿತು. ಹನ್ನೊಂದರ ಒಡತಿಯರನ್ನು ಗುಲನಾಜ ಕಂಡೇ ಇರಲಿಲ್ಲ. ಅವಳು ಆ ಪಟ್ಟಿಯನ್ನೇ ನೋಡುತ್ತ ಕೂತಳು. ಕಸ್ತೂರೆವ್ವ ಆಗಲೇ ಬರಿಗೈಯನ್ನು ನೆಲದ ಮೇಲೆ ಸುತ್ತುತ್ತ ಮುಂದಿನ ನುಡಿ ಹಾಡತೊಡಗಿದ್ದಳು.